ದವನದ ಎಣ್ಣೆಯನ್ನು ಮೈಮೇಲೆ ನಿಲ್ಲಿಸಿದ್ದು: ನನ್ನ ಅನುಭವ

ಮೈಗೆ ಹಚ್ಚುವ ಅತ್ತರಿಗೆ ದವನ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ನಾನು ವರ್ಷಗಳಿಂದ ಎಣ್ಣೆ ಕೊಳ್ಳುವ ಅಂಗಡಿಯ ಹಿರಿಯರು ನೇರವಾಗಿಯೇ ಅಂದರು: “ಸಾರ್, ದವನ ಹಾರಕ್ಕೆ ಸರಿ, ಬಾಟ್ಲಿಗೆ ಬೇಡ. ಒಬ್ಬರ ಕೈಮೇಲೆ ಜೇನು, ಇನ್ನೊಬ್ಬರ ಕೈಮೇಲೆ ಕೊಳೆತ ಬಾಳೆಹಣ್ಣು. ಗಿರಾಕಿ ವಾಪಸ್ ತಂದ್ರೆ ಏನ್ ಮಾಡ್ತೀರಾ?” ಅವರ ಮಾತು ಸುಳ್ಳಲ್ಲ. ಈ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಅನ್ನೋದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಆದರೂ ನಾನು ಮಾಡಿ ಮಾರುವ ದವನ–ಶ್ರೀಗಂಧದ ರೋಲ್-ಆನ್ (ಬಾಯಲ್ಲಿರುವ ಗುಂಡು ಉರುಳಿಸಿ ಹಚ್ಚುವ ಅತ್ತರಿನ ಬಾಟ್ಲಿ) ಈ ಯುಗಾದಿಗೆ ಮೂರನೇ ಸಲ ಖಾಲಿಯಾಗಿದೆ. ಒಂದೂ ವಾಪಸ್ ಬಂದಿಲ್ಲ.

ಅತ್ತರಿಗೆ ಅದ್ದಿ ಮೂಸಿ ನೋಡುವ ಕಾಗದದ ಪಟ್ಟಿಯನ್ನು ನಾನು ಮೊದಲೇ ಬದಿಗಿಟ್ಟೆ. ಪಟ್ಟಿಗೆ ಬಿಸಿಯಿಲ್ಲ, ಜಿಡ್ಡಿಲ್ಲ, ಬೆವರಿಲ್ಲ. ಚರ್ಮದ ಮೇಲ್ಮೈ 32–33 ಡಿಗ್ರಿ ಇರುತ್ತೆ, ಸ್ವಲ್ಪ ಹುಳಿ ಗುಣ ಬೇರೆ. ಪಟ್ಟಿಯ ಮೇಲೆ ಎರಡು ದಿನ ಚೆನ್ನಾಗಿದ್ದದ್ದು ಕೈಮೇಲೆ ಅರ್ಧ ಗಂಟೆಯಲ್ಲಿ ಕೆಟ್ಟದ್ದನ್ನು ನೀವೂ ನೋಡಿರ್ತೀರಿ. ಹಾಗಾಗಿ ಮನೆಯವರು, ಅಕ್ಕಪಕ್ಕದವರು, ಆಫೀಸಿನವರು ಸೇರಿ ಇಪ್ಪತ್ತರಷ್ಟು ಕೈಗಳನ್ನು ಹೊಂದಿಸಿಕೊಂಡೆ. ಕಡ್ಡಿ ತುದಿಯಷ್ಟು ಹಚ್ಚೋದು, ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ ನಂಬರ್ ಬರೆಯೋದು. ಹಚ್ಚಿದ ಕೂಡಲೇ, ಇಪ್ಪತ್ತು ನಿಮಿಷಕ್ಕೆ, ಒಂದು ಗಂಟೆಗೆ, ಮೂರು ಗಂಟೆಗೆ, ಮರುದಿನ ಬೆಳಿಗ್ಗೆ ಮೂಸೋದು. ಹಚ್ಚಿಕೊಂಡವರ ಮೂಗು ಬೇಗ ದಣಿಯುತ್ತೆ, ಅದಕ್ಕೆ ಬೇರೆಯವರು ಒಂದು ಮೊಳ ದೂರದಿಂದ ಮೂಸಬೇಕು. ಮಣಿಕಟ್ಟು ತಿಕ್ಕಬಾರದು. ಇನ್ನೊಂದು: ನಮ್ಮೂರಲ್ಲಿ ಅರ್ಧ ಜನ ಮೈಸೂರ್ ಸ್ಯಾಂಡಲ್ ಸೋಪಿನಲ್ಲೇ ಮಿಂದು ಬರ್ತಾರೆ. ಆ ಘಮ ಮೈಮೇಲಿರುವಾಗ ಶ್ರೀಗಂಧದ ಪರೀಕ್ಷೆ ವ್ಯರ್ಥ. ಪರೀಕ್ಷೆಯ ದಿನ ವಾಸನೆಯಿಲ್ಲದ ಸೋಪು ನಾನೇ ಹಂಚಿದೆ.

ಹೀಗೆ ಬರೆದಿಟ್ಟುಕೊಳ್ಳುತ್ತಾ ಹೋದಾಗ ಒಂದು ವಿಷಯ ಎದ್ದು ಕಂಡಿತು. ದವನ ಎಲ್ಲರ ಮೈಮೇಲೂ ಕೊನೆಗೆ ಒಣಹಣ್ಣು–ಜೇನಿನ ಕಡೆಗೇ ಬರುತ್ತೆ. ಜಗಳವೆಲ್ಲ ಇಪ್ಪತ್ತು ನಿಮಿಷದಿಂದ ಒಂದೂವರೆ ಗಂಟೆಯವರೆಗಿನ ನಡುವಿನ ಹೊತ್ತಿನದು. ನಮ್ಮ ಭಾವನ ಜಿಡ್ಡಿನ ಚರ್ಮದ ಮೇಲೆ ಹುಳಿತ ಹಣ್ಣಿನ ಘಾಟು ಆ ಹೊತ್ತಿನಲ್ಲಿ ಏರಿ ನಿಲ್ಲುತ್ತೆ. ಅತ್ತಿಗೆಯದು ಒಣ ಚರ್ಮ, ಅಲ್ಲಿ ಹಸಿರು ಸೊಪ್ಪಿನ ಕಂಪು ಹತ್ತು ನಿಮಿಷಕ್ಕೆ ಹಾರಿಹೋಗಿ ಆಮೇಲೆ ಬರೀ ಕಹಿ. ಅಂದರೆ ನಾನು ಗೆಲ್ಲಬೇಕಾದದ್ದು ಆ ಒಂದು ಗಂಟೆಯನ್ನು ಮಾತ್ರ.

ದುಡ್ಡು ಹೋದದ್ದು ಹೆಚ್ಚಾಗಿ ಬೇಸ್ ಎಣ್ಣೆಯಲ್ಲಿ, ಅಂದರೆ ಘಮದ ಎಣ್ಣೆಗಳನ್ನು ತೆಳುಮಾಡಲು ಬೆರೆಸುವ ಎಣ್ಣೆಯಲ್ಲಿ. ಮನೆಯ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ರಾತ್ರಿ 16ಕ್ಕೆ ಇಳಿದಾಗ ರೋಲ್-ಆನ್ ಗುಂಡು ಉರುಳಲೇ ಇಲ್ಲ. ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್ ಅನ್ನೋ ದ್ರವ) ಅಗ್ಗ, ಆದರೆ ಕೈಮೇಲೆ ಅಂಟಂಟು, ದವನದ ಘಾಟನ್ನು ಇನ್ನಷ್ಟು ಮುಂದೆ ತಳ್ಳಿತು. ಐಪಿಎಂ (ಐಸೊಪ್ರೊಪೈಲ್ ಮಿರಿಸ್ಟೇಟ್) ಹಗುರ, ಚರ್ಮಕ್ಕೆ ಹಿತ, ಆದರೆ ನಾನು ಕೊಂಡಿದ್ದ ಅಗ್ಗದ ರೋಲ್-ಆನ್‌ಗಳ ಪ್ಲಾಸ್ಟಿಕ್ ಉಬ್ಬಿ ಸೋರಿತು. ನೂರರ ಹತ್ತಿರ ಬಾಟ್ಲಿ, ಒಳಗಿದ್ದ ಗಂಧದೆಣ್ಣೆ ಸೇರಿ ಹನ್ನೆರಡು–ಹದಿಮೂರು ಸಾವಿರ ಹೋಯಿತು. ಕೊನೆಗೆ ನಿಂತದ್ದು ಫ್ರ್ಯಾಕ್ಷನೇಟೆಡ್ ಕೊಬ್ಬರಿ ಎಣ್ಣೆ, ಅಂದರೆ ಗಟ್ಟಿಯಾಗುವ ಭಾಗ ತೆಗೆದದ್ದು: ಚಳಿಗೆ ಗಟ್ಟಿಯಾಗಲ್ಲ, ಬೇಗ ಕಮಟಾಗಲ್ಲ, ತನ್ನದೇ ವಾಸನೆಯಿಲ್ಲ. ಇದರಲ್ಲಿ ಇನ್ನೊಂದು ಲಾಭ. ಅವೆನ್ಯೂ ರಸ್ತೆ ಕಡೆ ಶುದ್ಧ ಅಂತ ಕೊಡುವ ಎಣ್ಣೆಗೆ ಡಿಪಿಜಿ ಸೇರಿಸಿದ್ದರೆ ಇದರಲ್ಲಿ ಹಾಕಿದ ತಕ್ಷಣ ಮಬ್ಬಾಗುತ್ತೆ. ಯಾರನ್ನೂ ಕೇಳಬೇಕಾಗಿಲ್ಲ.

ಈಗ ಕ್ರಮಕ್ಕೆ ಬರ್ತೀನಿ. ಎಲ್ಲರೂ ಎಲ್ಲ ಎಣ್ಣೆಯನ್ನೂ ಒಟ್ಟಿಗೆ ಬೆರೆಸಿ ಮಾಗಲು ಇಡ್ತಾರೆ. ನಾನು ದವನವನ್ನು ಶ್ರೀಗಂಧದ ಎಣ್ಣೆಯಲ್ಲಿ ಮಾತ್ರ, ಒಂದು ಭಾಗ ದವನಕ್ಕೆ ಐದು ಭಾಗ ಗಂಧದಂತೆ, ಮೊದಲು ಇಡ್ತೀನಿ. ಕಂದು ಬಾಟ್ಲಿ, ಕುತ್ತಿಗೆವರೆಗೆ ತುಂಬಿ, ಸುಮಾರು ಒಂದೂವರೆ ತಿಂಗಳು. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜಿನಲ್ಲಿ ಹೂವಿನ ಹಬೆಯನ್ನು ನೇರವಾಗಿ ಗಂಧದೆಣ್ಣೆಗೇ ಇಳಿಸುತ್ತಾರಲ್ಲ, ಅದನ್ನು ನೋಡಿಯೇ ಈ ಯೋಚನೆ ಬಂದದ್ದು. ನಮ್ಮ ಶ್ರೀಗಂಧವೇ ಆಗಬೇಕು. ಆಸ್ಟ್ರೇಲಿಯಾದ ಸ್ಪಿಕೇಟಮ್ ಜಾತಿಯಲ್ಲಿ ಗಂಧದ ಘಮ ಕೊಡುವ ಸ್ಯಾಂಟಲಾಲ್ ಕಡಿಮೆ, ನನ್ನ ಪರೀಕ್ಷೆಯಲ್ಲಿ ಆ ಒಂದು ಗಂಟೆಯನ್ನು ಅದು ತಡೆಯಲಿಲ್ಲ. ಆಮೇಲೆ ಲಾವಂಚ, ಅದರ ಜೊತೆ ಇನ್ನೊಂದು ಬೇರಿನ ಎಣ್ಣೆ (ಹೆಸರು ನನ್ನಲ್ಲೇ ಇರಲಿ), ಕೊನೆಗೆ ಬೇಸ್. ಬಾಟ್ಲಿಯಲ್ಲಿ ದವನ ನೂರಕ್ಕೆ ಒಂದು, ಒಂದೂಕಾಲು ಭಾಗ. ಎರಡು ದಾಟಿದರೆ ಭಾವನ ಕೈ ಮತ್ತೆ ದೂರು ಹೇಳುತ್ತೆ. ಒಣ ಚರ್ಮದವರಿಗೆ ಬೇರೆ ಉಪಾಯ: ಹಚ್ಚುವ ಜಾಗಕ್ಕೆ ಮೊದಲು ಬರೀ ಬೇಸ್ ಎಣ್ಣೆ ಒಂದು ತೊಟ್ಟು ಸವರಿ, ಎರಡು ನಿಮಿಷ ಬಿಟ್ಟು ಅತ್ತರು. ಅತ್ತಿಗೆಯ ಕೈಮೇಲೆ ಎರಡು ಗಂಟೆ ಇದ್ದದ್ದು ಈಗ ಐದಾರು ಗಂಟೆ ನಿಲ್ಲುತ್ತೆ. ಮರುದಿನ ಬೆಳಿಗ್ಗೆಯೂ ತೋಳಿನ ಮಡಿಕೆಯಲ್ಲಿ ಗಂಧ ಸಿಗುತ್ತೆ. ಇದನ್ನು ಸಾಧಿಸಿದವರು ಈ ಊರಲ್ಲಿ ಎಷ್ಟು ಜನ ಇದ್ದಾರೋ, ನಾನಂತೂ ಕಂಡಿಲ್ಲ.

ಇದರ ನಡುವೆ ದುಂಡುಮಲ್ಲಿಗೆಯ ಹುಚ್ಚೂ ಹಿಡಿದಿತ್ತು. ಗಟ್ಟಿ ಕೊಬ್ಬರಿ ಎಣ್ಣೆಯನ್ನು ಸ್ಟೀಲ್ ತಟ್ಟೆಗೆ ಬಳಿದು, ಘಮ ಎಣ್ಣೆಗೆ ಇಳಿಯಲಿ ಅಂತ ಗಾಂಧಿ ಬಜಾರಿನ ಮೊಗ್ಗು ಹರಡಿ, ದಿನಾ ಹೂ ಬದಲಿಸುವುದು. ಎಣ್ಣೆ ತಾನಾಗಿ ಗಟ್ಟಿಯಾಗಿರುವುದು ಚಳಿಗಾಲದಲ್ಲಿ, ಆಗ ಮಲ್ಲಿಗೆ ಕೆಜಿಗೆ ಸಾವಿರ ದಾಟಿರುತ್ತೆ. ಹೂ ಅಗ್ಗವಾಗುವ ಬೇಸಿಗೆಯಲ್ಲಿ ಎಣ್ಣೆ ಕರಗಿರುತ್ತೆ. ಫ್ರಿಜ್‌ನಲ್ಲಿಟ್ಟೆ, ಹೂವಿನ ನೀರಿಳಿದು ಎಣ್ಣೆ ಕಮಟಾಯಿತು. ಚಳಿಯಲ್ಲಿ ಮಾಡಿದ್ದು ತಟ್ಟೆಯಲ್ಲಿ ನಿಜವಾದ ಮಲ್ಲಿಗೆಯಂತೆಯೇ ಇತ್ತು, ಕೈಮೇಲೆ ಕಾಲು ಗಂಟೆಯೂ ಇರಲಿಲ್ಲ. ನಿಂಬೆಯನ್ನೂ ಕೇಳ್ತಾರೆ. ಸಿಪ್ಪೆ ಹಿಂಡಿದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗಬಹುದು. ನಾನು ಮುಟ್ಟುವುದಿಲ್ಲ.

ಲೆಕ್ಕ: ಗಂಧದೆಣ್ಣೆ ನನಗೆ ಸಿಕ್ಕದ್ದು ಹತ್ತು ಗ್ರಾಂಗೆ ನಾಲ್ಕು ಸಾವಿರದ ಹತ್ತಿರ, ದವನ ಸಾವಿರದ ಆಸುಪಾಸು. ಐದು ಮಿಲಿಗೆ ಗಾಜಿನ ಬಾಟ್ಲಿ, ಡಬ್ಬಿ ಎಲ್ಲ ಸೇರಿ ಇನ್ನೂರು ಬೀಳುತ್ತೆ. ಅದರಲ್ಲಿ ನೂರಿಪ್ಪತ್ತು ಗಂಧದ್ದೇ. ನಾನೂರೈವತ್ತಕ್ಕೆ ಮಾರ್ತೀನಿ.

ದವನದ ಕೊಯ್ಲು ಫೆಬ್ರವರಿ–ಮಾರ್ಚ್‌ನಲ್ಲಿ, ಹೊಸ ಎಣ್ಣೆ ಅದರ ಹಿಂದೆಯೇ ಬರುತ್ತೆ. ಹಳೇದನ್ನು ಬೆರೆಸಿ ಕೊಡುವವರೂ ಇದ್ದಾರೆ. ಅಂಗಡಿಯವರು ಮೂಸಲು ಕಾಗದದ ಪಟ್ಟಿ ಕೊಟ್ಟರೆ ಬೇಡ ಅನ್ನಿ. ಮಣಿಕಟ್ಟಿಗೆ ಹಚ್ಚಿಸಿಕೊಂಡು, ಚಿಕ್ಕಪೇಟೆಯ ಕೆಲಸ ಮುಗಿಸಿಕೊಂಡು, ಒಂದೂವರೆ ಗಂಟೆ ಕಳೆದ ಮೇಲೆ ಬಂದು ದುಡ್ಡು ಕೊಡಿ.