ರಟ್ಟಿನ ಮೇಲಿನ ಐದು ಸಾಲು

ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಒಂದು ಮಧ್ಯಾಹ್ನ ಪ್ಯಾಕಿಂಗ್ ಕಡೆ ಒಬ್ಬರು ಕುಸಿದು ಬಿದ್ದರು. ಕರೆದರೆ ಮಾತಿಲ್ಲ, ಉಸಿರೂ ಸರಿಯಾಗಿಲ್ಲ. ಒಬ್ಬ 108ಕ್ಕೆ ಫೋನ್ ಮಾಡಿದ, ಇನ್ನೊಬ್ಬ ಗೇಟಿನ ಹತ್ತಿರವಿದ್ದ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಮೆಷಿನ್, ತರಲು ಓಡಿದ. ನಾನು ಎದೆ ಒತ್ತಲು ಕೂತೆ. ಎರಡು ಶಾಕ್ ಆದ ಮೇಲೆ ಅವರು ಉಸಿರೆಳೆದರು.

ಆಂಬುಲೆನ್ಸಿನವರು ಬಂದವರೇ "ಬಿದ್ದು ಎಷ್ಟು ಹೊತ್ತಾಯ್ತು ಸಾರ್?" ಅಂದರು. "ಹತ್ತು ನಿಮಿಷ ಇರಬಹುದು" ಅಂದೆ. ಪಕ್ಕದಲ್ಲಿದ್ದ ಟ್ರೈನಿ ಹುಡುಗಿ ಒಂದು ರಟ್ಟಿನ ತುಂಡು ಮುಂದೆ ಹಿಡಿದಳು. ಮಾರ್ಕರ್‌ನಲ್ಲಿ ಬರೆದಿದ್ದಳು:

3.42 ಬಿದ್ದರು
3.43 ಒತ್ತಲು ಶುರು
3.48 ಶಾಕ್
3.50 ಶಾಕ್
3.53 ಉಸಿರು

ಆಗ ಗಂಟೆ 4.01. ಹತ್ತಲ್ಲ, ಹತ್ತೊಂಬತ್ತು ನಿಮಿಷ! ಒತ್ತುತ್ತಾ ಕೂತವನಿಗೆ ಹೊತ್ತಿನ ಲೆಕ್ಕ ಇರುವುದಿಲ್ಲ. ಆ ರಟ್ಟಿನ ಫೋಟೋ ತೆಗೆದುಕೊಂಡೇ ಅವರು ಹೊರಟರು.

ಅವತ್ತು ಸಂಜೆಯೇ ವರದಿ ಬರೆದೆ. "ಹಾರ್ಟ್ ಅಟ್ಯಾಕ್ ಆಯಿತು" ಎಂದು ಬರೆಯಲಿಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು. ಬಿದ್ದದ್ದನ್ನು ಯಾರು ನೋಡಿದರು, ಮೊದಲು ಯಾರು ಒತ್ತಿದರು, ಎಷ್ಟು ಶಾಕ್, ಒಪ್ಪಿಸುವಾಗ ಉಸಿರಿತ್ತೇ, ಇಷ್ಟೇ ಬರೆದೆ. ಇಂಥ ಮಾಹಿತಿಯನ್ನು ಎಲ್ಲ ಕಡೆ ಒಂದೇ ರೀತಿ ಬರೆದಿಡಬೇಕೆಂದು 1990ರಲ್ಲೇ ನಾರ್ವೆಯ ಉಟ್‌ಸ್ಟೈನ್ ಮಠದಲ್ಲಿ ವೈದ್ಯರು ಸೇರಿ ಚರ್ಚಿಸಿದ್ದರು. ಆ ನಮೂನೆಗೆ ಇಂದಿಗೂ ಆ ಮಠದ ಹೆಸರೇ ಇದೆ.

ಎಇಡಿ ಕೂಡ ಹೃದಯದ ಇಸಿಜಿ, ಶಾಕ್ ಕೊಟ್ಟ ಸಮಯ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆ. ಆದರೆ ಆನ್ ಮಾಡುವ ಮೊದಲು ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ, ಅಲ್ವಾ? ಮಾರನೇ ದಿನ ಸರ್ವಿಸ್ ಇಂಜಿನಿಯರ್ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿದರು. ಮೊದಲ ಶಾಕ್ 3.41 ಎಂದಿತ್ತು. ಅಂದರೆ ಮನುಷ್ಯ ಬೀಳುವ ಮೊದಲೇ ಶಾಕ್! ಮೊಬೈಲ್ ಪಕ್ಕ ಇಟ್ಟು ನೋಡಿದರೆ ಮೆಷಿನ್ನಿನ ಗಡಿಯಾರ ಏಳು ನಿಮಿಷ ಹಿಂದಿತ್ತು. ಅಂಕಿ ತಿದ್ದಲಿಲ್ಲ. ವ್ಯತ್ಯಾಸವನ್ನು ಪಕ್ಕದಲ್ಲೇ ಬರೆದು ಸಹಿ ಹಾಕಿದೆ. ಪ್ರಿಂಟ್ ನೇರ ಬಿದ್ದವರ ಡಾಕ್ಟರಿಗೆ ಹೋಯಿತು. ವಾಟ್ಸಾಪ್ ಗ್ರೂಪಿಗೆ ಹಾಕಿ ಅಂದವರಿಗೆ ಖಡಾಖಂಡಿತವಾಗಿ ಬೇಡ ಅಂದೆ. ಅದು ಆ ಮನುಷ್ಯನ ಎದೆಯೊಳಗಿನ ವಿಷಯ.

ಗಡಿಯಾರ ಸರಿಮಾಡಿಸಿ, ಎದೆಗೆ ಅಂಟಿಸುವ ಹೊಸ ಪ್ಯಾಡ್ ಹಾಕಿಸಿದೆ. ಎಇಡಿ ಚೀಲದಲ್ಲಿ ಈಗ ಕತ್ತರಿ, ರೇಜರ್ ಜೊತೆ ಒಂದು ಮಾರ್ಕರ್ ಕೂಡ ಇದೆ. ಆ ರಟ್ಟನ್ನು ವರದಿಗೇ ಪಿನ್ ಹೊಡೆದು ಇಟ್ಟಿದ್ದೇನೆ.