ಕೆಲಸ ಬಿಡ್ತೀನಿ ಅಂದವರನ್ನು ಕಳಿಸಿಕೊಡುವುದು ಹೇಗೆ?

ರಾತ್ರಿ ಅಂಗಡಿ ಮುಚ್ಚುವ ಹೊತ್ತು. ಹುಡುಗ ಬಿಚ್ಚಿ ಹರಡಿದ್ದ ಸೀರೆಗಳನ್ನೆಲ್ಲ ಮಡಚಿಟ್ಟು ಗಲ್ಲಾದ ಹತ್ತಿರ ಬಂದು ನಿಲ್ಲುತ್ತಾನೆ. "ಸಾವ್ಕಾರ್ರೇ, ಮುಂದಿನ ತಿಂಗಳಿಂದ ನಾನು ಬರಲ್ಲ." ನಮ್ಮ ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯಿರಲಿ, ಅಕ್ಕಿ ಗಿರಣಿಯಿರಲಿ, ಮಂಡಕ್ಕಿ ಭಟ್ಟಿಯಿರಲಿ, ರಾಜೀನಾಮೆ ಬರುವುದು ಹೀಗೇ, ಬಾಯಿಮಾತಲ್ಲಿ.

"ಮದುವೆ ಸೀಸನ್ನಲ್ಲಿ ಕೈ ಬಿಟ್ಟು ಹೋಗ್ತೀಯಾ?" ಅನ್ನುವ ಮಾತು ಆಗ ನಾಲಿಗೆಯ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. ನಾನು ಒಮ್ಮೆ ನುಂಗಿಕೊಳ್ಳಲಿಲ್ಲ, ಎಲ್ಲರೆದುರು ಕೂಗಾಡಿದೆ. ಆರು ವರ್ಷ ಜೊತೆಗಿದ್ದವನು ಮರುದಿನದಿಂದಲೇ ಬರಲಿಲ್ಲ. ಯಾವ ಗಿರಾಕಿಯ ಉದ್ರಿ ಎಷ್ಟು ಅನ್ನೋದು ಅರ್ಧ ಪುಸ್ತಕದಲ್ಲಿ, ಅರ್ಧ ಅವನ ತಲೆಯಲ್ಲಿ ಇತ್ತು. ಆ ಬಾಕಿ ವಸೂಲಿಗೆ ಒಂದು ವರ್ಷ ಹಿಡಿಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಉಳಿದ ಹುಡುಗರು ನನ್ನ ಜೊತೆ ಮಾತು ಕಡಿಮೆ ಮಾಡಿದಾಗ. ತಾವು ಬಿಡುವ ದಿನ ಏನಾಗುತ್ತೆ ಅಂತ ಅವರು ಅವತ್ತೇ ನೋಡಿಬಿಟ್ಟಿದ್ದರು.

ಹಾಗಾಗಿ ಮೊದಲ ಕೆಲಸ: ಕೂರಿಸಿ, ಟೀ ತರಿಸಿ, ಯಾಕೆ ಅಂತ ಕೇಳಿ. ಸಂಬಳ ಸಾಲುತ್ತಿಲ್ಲವೋ, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆಯೋ, ಊರಲ್ಲಿ ತೋಟ ನೋಡಿಕೊಳ್ಳೋರಿಲ್ಲವೋ, ಪೂರ್ತಿ ಕೇಳಿಸಿಕೊಳ್ಳಿ. ಉಳಿಸಿಕೊಳ್ಳುವ ದಾರಿ ಇದ್ದರೆ ಒಂದು ಸಲ ಹೇಳಿ ನೋಡಿ. ಅವರ ಅಪ್ಪನಿಗೆ ಫೋನ್ ಮಾಡಿ ಹೇಳಿಸುವುದು ಬೇಡ.

ಆಮೇಲೆ ಬರವಣಿಗೆ. ಕನ್ನಡದಲ್ಲೇ ನಾಲ್ಕು ಸಾಲಿನ ಪತ್ರ ಸಾಕು. ಕೊನೆಯ ದಿನ ಯಾವುದು ಅನ್ನೋದು ಅದರಲ್ಲಿ ಇರಲೇಬೇಕು. ನೀವೂ "ಒಪ್ಪಿದ್ದೇನೆ" ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ. ಉಳಿದವರಿಗೆ ಸುದ್ದಿ ನಿಮ್ಮ ಬಾಯಿಂದಲೇ ಗೊತ್ತಾಗಲಿ.

ಜಾಸ್ತಿ ಗಮನ ಬೇಕಾಗಿರುವುದು ಕೆಲಸ ಒಪ್ಪಿಸಿಕೊಳ್ಳುವಾಗ. ಬೀಗದ ಕೈ, ಸ್ಟಾಕ್ ಪುಸ್ತಕ ಯಾರೂ ಮರೆಯಲ್ಲ. ಮರೆಯುವುದು ಮೊಬೈಲ್ ನಂಬರನ್ನು. ಎಷ್ಟೋ ಅಂಗಡಿಗಳಲ್ಲಿ ಜಿಎಸ್‌ಟಿ ಪೋರ್ಟಲ್‌ನ ಒಟಿಪಿ ಲೆಕ್ಕ ಬರೆಯುವವರ ಸ್ವಂತ ಫೋನಿಗೆ ಬರುತ್ತಿರುತ್ತದೆ. ಅವರು ಹೋದ ಮೇಲೆ, ರಿಟರ್ನ್ ಸಲ್ಲಿಸುವ ಕೊನೆಯ ದಿನ, ಅವರು ಫೋನ್ ಎತ್ತಲಿ ಅಂತ ಕಾಯುತ್ತಾ ಕೂರಬೇಕಾಗುತ್ತದೆ. ಅವರು ಇರುವಾಗಲೇ ನಂಬರ್ ಬದಲಿಸಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಪಾಸ್‌ವರ್ಡ್, ಅಂಗಡಿಯ ವಾಟ್ಸ್ಆ್ಯಪ್ ನಂಬರನ್ನೂ ಅಂದೇ ಸರಿಮಾಡಿಕೊಳ್ಳಿ. ಹೊಸಬರನ್ನು ಒಂದು ವಾರ ಪಕ್ಕದಲ್ಲಿ ಕೂರಿಸಿ. ಮೊದಲ ಮೂರು ದಿನ ನೋಡಲಿ, ಆಮೇಲೆ ಅವರೇ ಮಾಡಲಿ, ಹಳಬರು ತಿದ್ದಲಿ. ಉದ್ರಿ ಗಿರಾಕಿ ಬಂದಾಗ "ಇನ್ಮೇಲೆ ಇವರ ಹತ್ರ ಲೆಕ್ಕ ಮಾಡಿ" ಅಂತ ಹಳಬರಿಂದಲೇ ಹೇಳಿಸಿ.

ಇನ್ನು ದುಡ್ಡು. "ಹಬ್ಬ ಆದ್ಮೇಲೆ ಬಾ, ನೋಡೋಣ" ಅನ್ನುವ ಹಳೇ ಪದ್ಧತಿ ಬಿಡಲೇಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಪ್ರಕಾರ, ರಾಜೀನಾಮೆ ಕೊಟ್ಟು ಹೋದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಅಡ್ವಾನ್ಸ್ ಮುರಿದುಕೊಳ್ಳುವುದಿದ್ದರೆ ಚೀಟಿಯಲ್ಲಿ ಬರೆದು ತೋರಿಸಿ. 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ ಸತತ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿಯೂ, ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಕೊಡುವ ಹಣವೂ, ಸಲ್ಲಬೇಕು, 30 ದಿನದೊಳಗೆ. ಲೆಕ್ಕ ಸುಲಭ: ತಿಂಗಳಿಗೆ 26 ದಿನ ಅಂತ ಹಿಡಿದು, ದುಡಿದ ಒಂದೊಂದು ವರ್ಷಕ್ಕೆ 15 ದಿನದ ವೇತನ. ಲೆಕ್ಕಕ್ಕೆ ಹಿಡಿಯುವ ಕೊನೆಯ ತಿಂಗಳ ವೇತನ 13,000 ರೂಪಾಯಿ ಅಂತಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ 500, ಅದನ್ನು 15ರಿಂದ ಗುಣಿಸಿದರೆ ಒಂದು ವರ್ಷಕ್ಕೆ 7,500. ಎಂಟು ವರ್ಷ ದುಡಿದಿದ್ದರೆ 60,000. ಇದು ಅವರ ದುಡಿಮೆಯ ಹಣ. ನಾವು ಕೈಯೆತ್ತಿ ಕೊಡುವ ಇನಾಮು ಅಂತ ತಿಳಿಯಬಾರದು.

ಪಿಎಫ್ ಕಟ್ಟುತ್ತಿದ್ದರೆ, ಕೆಲಸ ಬಿಟ್ಟ ತಾರೀಕನ್ನು ಆನ್‌ಲೈನ್‌ನಲ್ಲಿ ತಪ್ಪದೆ ನಮೂದಿಸಿ. ಈ ಒಂದು ಸಾಲು ಹಾಕದಿದ್ದರೆ ಆ ದುಡ್ಡು ತೆಗೆಯಲು ಅವರು ಸುಮ್ನೆ ಅಲೆಯಬೇಕಾಗುತ್ತದೆ.

ಕೊನೆಯ ದಿನ ಎಲ್ಲರೂ ಕೂತು ಬೆಣ್ಣೆದೋಸೆ ತಿನ್ನಿ. ಇಟ್ಟುಕೊಂಡಿದ್ದ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇದ್ದರೆ ವಾಪಸ್ ಕೊಡಿ. ಅದನ್ನು ಇಟ್ಟುಕೊಳ್ಳುವುದೇ ತಪ್ಪು. ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಎಂದಿನಿಂದ ಎಂದಿನವರೆಗೆ, ಯಾವ ಕೆಲಸ ಮಾಡಿದರು ಅಂತ ಅನುಭವ ಪತ್ರ ಬರೆದು, ಸೀಲು ಹಾಕಿ ಕೈಗಿಡಿ. ಒಂದು ಪ್ರತಿ ನಿಮ್ಮ ಫೈಲಿನಲ್ಲೂ ಇರಲಿ. ಕಳೆದುಕೊಂಡವರು ವರ್ಷಗಳಾದ ಮೇಲೆ ಇನ್ನೊಂದು ಪ್ರತಿ ಕೇಳಿಕೊಂಡು ಬಂದಾಗ ಹುಡುಕಿ ಕೊಡಬಹುದು.