ಬೋಟಿನ ಮೋಟಾರು ಕೆಮ್ಮಿ ನಿಂತರೆ ಮೊದಲು ಎಲ್ಲಿ ಕೈ ಹಾಕಬೇಕು?

ಗೋವಾದ ಜುವಾರಿ ಸೇತುವೆಯ ಕೆಳಗೆ, ಇಳಿತದ ಹೊತ್ತಿನಲ್ಲಿ, ದೋಣಿಯ ಹಿಂಬದಿಗೆ ಸಿಕ್ಕಿಸುವ ನನ್ನ 8 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಗ್ಗ ಎಳೆದೂ ಎಳೆದೂ ಭುಜ ಸೋತಿತು, ದೋಣಿ ಸಮುದ್ರದ ಕಡೆ ಹೊರಟಿತು. ಕೊನೆಗೆ ಕುಠ್ಠಾಳಿ ಕಡೆಯಿಂದ ಬರುತ್ತಿದ್ದ ಮೀನುಗಾರರೊಬ್ಬರು ಹೋಡಿ ಪಕ್ಕಕ್ಕೆ ತಂದರು. ಟ್ಯಾಂಕಿನ ಮುಚ್ಚಳದ ಮೇಲಿದ್ದ ಪುಟ್ಟ ತಿರುಪನ್ನು ಸಡಿಲಿಸಿ, "ಟ್ಯಾಂಕಿಗೂ ಉಸಿರು ಬೇಡ್ವಾ ಮಾರಾಯ್ರೆ?" ಎಂದರು. ಅಂಕೋಲೆಯವರಂತೆ. ಬೈದದ್ದು ಕನ್ನಡದಲ್ಲಾದ್ದರಿಂದ ಅಷ್ಟು ನೋವಾಗಲಿಲ್ಲ.

ಹೀಗಾಗಿ ಮೊದಲ ಕೆಲಸ ಗಾಳಿ ತಿರುಪು ನೋಡುವುದು. ಅದು ಮುಚ್ಚಿದ್ದರೆ ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ, ಮೋಟಾರಿನ ಪೆಟ್ರೋಲು ಪಂಪ್ ಎಷ್ಟು ಎಳೆದರೂ ಹನಿ ಮೇಲೇರುವುದಿಲ್ಲ. ಜೊತೆಗೆ, ಮೋಟಾರು ನಿಲ್ಲಿಸುವ ಕೆಂಪು ಹಗ್ಗದ ಕ್ಲಿಪ್ ಜಾಗದಲ್ಲಿದೆಯೇ ನೋಡಿ.

ಆಮೇಲೆ ಸ್ಪಾರ್ಕ್ ಪ್ಲಗ್. ನಾಲ್ಕೈದು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಬರುತ್ತಿದೆ, ದೋಷ ಕಿಡಿಯಲ್ಲಿರಬಹುದು, ಇಲ್ಲವೇ ಪೆಟ್ರೋಲು ಅತಿಯಾಗಿ ತುಂಬಿಕೊಂಡಿರಬಹುದು. ಮುಂದಿನದೆಲ್ಲ ಒಣಗಿದ ಪ್ಲಗ್‌ನವರಿಗೆ.

ಈಗ ನಾಡಿ ಹಿಡಿಯಿರಿ. ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಪೈಪಿನ ನಡುವಿನ ರಬ್ಬರ್ ಬಲ್ಬೇ ಆ ನಾಡಿ. ಅದರ ಮೇಲಿನ ಬಾಣ ಮೋಟಾರಿನತ್ತ ಇರಬೇಕು; ಬಾಣ ಮೇಲ್ಮುಖವಾಗುವಂತೆ ಹಿಡಿದು ಒತ್ತಿ. ಕೆಲವು ಒತ್ತಿಗೆ ಗಟ್ಟಿಯಾಗಿ ಹಾಗೇ ನಿಂತರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಟ್ಟಲು ತುಂಬಿತು ಎಂದರ್ಥ. ಮೊದಲ ಒತ್ತಿಗೇ ಕಲ್ಲಿನಂತಿದ್ದರೆ ಮೋಟಾರಿನ ಬಳಿಯ ಕನೆಕ್ಟರ್ ಸರಿಯಾಗಿ ಕೂತಿಲ್ಲದಿರಬಹುದು, ಫಿಲ್ಟರ್ ಕಟ್ಟಿರಬಹುದು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕನೆಕ್ಟರಿನ ರಬ್ಬರ್ ಬಳೆ (ಓ-ರಿಂಗ್), ಕ್ಲ್ಯಾಂಪ್, ಬಲ್ಬಿನೊಳಗಿನ ವಾಲ್ವ್ ನೋಡಿ. ಒತ್ತುವಾಗ ಕಾರ್ಬ್ಯುರೇಟರಿನಿಂದ ಪೆಟ್ರೋಲು ಸುರಿದರೆ ಅಲ್ಲೇ ನಿಲ್ಲಿಸಿ, ಬಟ್ಟಲು ತುಂಬಿದಾಗ ಪೆಟ್ರೋಲು ತಡೆಯಬೇಕಾದ ಫ್ಲೋಟಿನ ಸೂಜಿ ತೆರೆದೇ ಕಚ್ಚಿಕೊಂಡಿದೆ. ಮೋಟಾರು ಓಡುವಾಗ ಬಲ್ಬ್ ಚಪ್ಪಟೆಯಾದರೆ ತಡೆ ಟ್ಯಾಂಕಿನ ಕಡೆಗಿದೆ: ಗಾಳಿ ತಿರುಪು, ಟ್ಯಾಂಕಿನ ಒಳಜಾಲರಿ ಅಥವಾ ಮಡಚಿದ ಪೈಪು. ಚಪ್ಪಟೆಯಾಗದೆಯೂ ಮೋಟಾರು ಸಾಯುತ್ತಿದ್ದು, ಬಲ್ಬ್ ಒತ್ತಿದಾಗ ಮತ್ತೆ ಜೀವ ಬಂದರೆ ಪಂಪಿನ ಡಯಾಫ್ರಾಮ್ ಮೇಲೆ ಅನುಮಾನ ಪಡಿ. ತೂತಾದ ಪೊರೆಗೆ ಕಿಟ್ ಬದಲಿಸುವುದೇ ಸರಿ, ಅಂಟು ಹಚ್ಚಬೇಡಿ.

ಗೊಂದಲ ಉಳಿದರೆ ಬೇರೊಬ್ಬರ ಟ್ಯಾಂಕನ್ನು ಪೈಪು ಸಮೇತ ಎರವಲು ತಂದು ಜೋಡಿಸಿ. ಮೋಟಾರು ಸರಾಗವಾಗಿ ಓಡಿದರೆ ದೋಷ ನಿಮ್ಮ ಟ್ಯಾಂಕು, ಪೈಪಿನಲ್ಲಿ. ಎಣ್ಣೆ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನ ಮೋಟಾರಿಗೆ ನಾಲ್ಕು ಸ್ಟ್ರೋಕಿನವರ ಪೆಟ್ರೋಲು ಮಾತ್ರ ಕುಡಿಸಬೇಡಿ, ಪಿಸ್ಟನ್ ಕಚ್ಚಿಕೊಂಡೀತು.

ಮಳೆಗಾಲ ಮುಗಿದ ಮೇಲೆ ಬರುವ ದೂರುಗಳಿಗೆ ಹಳೆಯ ಪೆಟ್ರೋಲೇ ಕಾರಣ ಎನ್ನುವುದು ನನ್ನ ಅನುಭವ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ಗೋವಾದ ಜೂನ್‌, ಜುಲೈ ತೇವ ಗೊತ್ತಲ್ಲ. ನೀರು ಹೆಚ್ಚಾದಾಗ ಎಥನಾಲ್ ಅದರೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಹೀರುವ ಕೊಳವೆಯ ಬಾಯಿಯೂ ತಳದಲ್ಲೇ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ಎರಡು ಪದರ ಕಂಡರೆ ಪೂರ್ತಿ ಖಾಲಿ ಮಾಡಿ. ಹೊಸದನ್ನು ಬೆರೆಸಿ ಉಳಿಸುವ ಜಿಪುಣತನ ಬೇಡ. ಹಳೆಯ ರಬ್ಬರ್ ಪೈಪನ್ನೂ ಎಥನಾಲ್ ತಿನ್ನುತ್ತದೆ, ಒಳಗಿನಿಂದ ಉದುರಿದ ಪುಡಿ ಫಿಲ್ಟರಿಗೆ ಬಂದು ಕೂರುತ್ತದೆ.

ಕಾರ್ಬ್ಯುರೇಟರ್ ಕೊನೆಗೆ. ಚೋಕ್ ಎಳೆದರೆ ಮಾತ್ರ ನಿಧಾನಗತಿಯಲ್ಲಿ ಓಡಿದರೆ ಐಡಲ್ ಜೆಟ್, ಅಂದರೆ ನಿಧಾನಗತಿಗೆ ಪೆಟ್ರೋಲು ಬಿಡುವ ಪುಟ್ಟ ತೂತು, ಕಟ್ಟಿದೆ. ನಿಧಾನಕ್ಕೆ ಸರಿಯಿದ್ದು ಪೂರ್ತಿ ವೇಗದಲ್ಲಿ ಸೋತರೆ ಫಿಲ್ಟರ್ ನೋಡಿ, ನಂತರ ವೇಗಕ್ಕೆ ಪೆಟ್ರೋಲು ಬಿಡುವ ಮೇನ್ ಜೆಟ್. ತೂತಿಗೆ ಕಬ್ಬಿಣದ ತಂತಿ ಹಾಕಬೇಡಿ, ಹಿತ್ತಾಳೆ ಸವೆಯುತ್ತದೆ. ಕ್ಲೀನರ್ ಸಿಂಪಡಿಸಿ, ಗಾಳದ ನೈಲಾನ್ ದಾರದ ಎಳೆ ತೂರಿಸಿ.

ಇಷ್ಟೆಲ್ಲ ಮಾಡುವಾಗ ಬೀಡಿ, ಸಿಗರೇಟು ದೂರ. ದಡದಲ್ಲಿ ಓಡಿಸಿ ನೋಡುವುದಾದರೆ ಮೋಟಾರಿನ ಕಾಲು ನೀರು ತುಂಬಿದ ಡ್ರಮ್ಮಿನಲ್ಲಿರಲಿ, ಒಣಗಿ ಓಡಿದರೆ ನೀರಿನ ಪಂಪಿನ ರಬ್ಬರ್ ರೆಕ್ಕೆ ಬೇಗ ಸುಟ್ಟುಹೋಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಅದೇ ಡ್ರಮ್ಮಿನಲ್ಲಿ ಪೈಪು ತೆಗೆದು, ಬಟ್ಟಲು ಬರಿದಾಗಿ ತಾನೇ ನಿಲ್ಲುವವರೆಗೆ ಓಡಿಸಿ. ಗಾಳಿ ತಿರುಪನ್ನು ಆಗ ಮುಚ್ಚಬೇಕು. ಮತ್ತೆ ತೆರೆಯುವುದು ಮರೆಯದಿರಲೆಂದು ನಾನು ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದ್ದೇನೆ.